ರಾಡ್ ಒಂದೇ, ಕಾಯುವ ದಿನಗಳು ಬೇರೆ

ಕಳೆದ ವರ್ಷ ನಮ್ಮ ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಬಳಿ ತೊಡೆಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಹಿಡಿದದ್ದು ಒಂದೂವರೆ ಗಂಟೆ, ಅದಕ್ಕಾಗಿ ಕಾದದ್ದು ಆರು ದಿನ. ಎರಡು ದಿನ ಆಂಧ್ರದ ಪುತ್ತೂರಿಗೆ ಕರೆದೊಯ್ದು ಕಟ್ಟು ಹಾಕಿಸುವುದೋ ಬೇಡವೋ ಎಂಬ ಮನೆಯೊಳಗಿನ ಚರ್ಚೆಯಲ್ಲಿ ಹೋದವು. ಉಳಿದವು ಎಕೋ, ಶುಗರ್, ಹೃದಯತಜ್ಞರ ಒಪ್ಪಿಗೆ ಮತ್ತು ಹಣ ಹೊಂದಿಸುವುದರಲ್ಲಿ. ಒಳಗೆ ಹಾಕಿದ ರಾಡ್ ಲಂಡನ್ನಿನಲ್ಲಿ ಹಾಕುವಂಥದ್ದೇ.

ಇಂಗ್ಲೆಂಡ್ ಕೈಹಾಕಿದ್ದು ಈ ಕಾಯುವಿಕೆಗೆ. 2007ರಲ್ಲಿ ಅಲ್ಲಿ ಸೊಂಟದ ಮುರಿತಗಳ ರಾಷ್ಟ್ರೀಯ ದಾಖಲೆ ಆರಂಭವಾಯಿತು. 2010ರಿಂದ, 36 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ, ವೃದ್ಧರ ಕಾಯಿಲೆಗಳ ತಜ್ಞರಿಂದಲೂ ತಪಾಸಣೆ ಮಾಡಿಸುವುದೇ ಮೊದಲಾದ ನಿಯಮಗಳನ್ನು ಪಾಲಿಸಿದ ಆಸ್ಪತ್ರೆಗೆ ಪ್ರತಿ ರೋಗಿಯ ಲೆಕ್ಕದಲ್ಲಿ ಹೆಚ್ಚುವರಿ ಹಣ ಕೊಡತೊಡಗಿದರು. ಮೂವತ್ತು ದಿನಗಳೊಳಗಿನ ಸಾವಿನ ಪ್ರಮಾಣ 2007ರಲ್ಲಿ ಶೇ. 10.9 ಇದ್ದದ್ದು 2011ರ ವೇಳೆಗೆ ಶೇ. 8.5ಕ್ಕೆ ಇಳಿಯಿತು. ಮೂಳೆ ವೈದ್ಯರೂ ವೃದ್ಧರ ವೈದ್ಯರೂ ಒಂದೇ ವಾರ್ಡಿನಲ್ಲಿ ಸೇರಿ ನೋಡಿಕೊಳ್ಳುವ ಕ್ರಮ ಹೇಸ್ಟಿಂಗ್ಸ್ ಊರಿನಲ್ಲಿ ದಶಕಗಳ ಹಿಂದೆಯೇ ಇತ್ತು. ಅದು ದೇಶದ ಉದ್ದಗಲಕ್ಕೂ ಹಬ್ಬಿದ್ದು ಹಣದ ನಂಟು ಸೇರಿದ ಮೇಲೆ ಎಂದು ನನಗನಿಸುತ್ತದೆ.

ಹಾಗೆಂದು ಧಾವಂತ ಬೇಕಿಲ್ಲ. ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಆರು ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರಿಗೂ 24 ಗಂಟೆ ಕಾದವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರು ಬೇಗ ಎದ್ದು ನಿಂತರು, ಅವರಲ್ಲಿ ತಾತ್ಕಾಲಿಕ ಬುದ್ಧಿಭ್ರಮೆಯೂ ಕಡಿಮೆಯಿತ್ತು. ಆದರೆ ನಮ್ಮ ಆರು ದಿನದ ಲೆಕ್ಕವೇ ಬೇರೆ.

ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನಷ್ಟೇ ನೋಡಿ ದೇಶಗಳನ್ನು ಹೋಲಿಸಿದರೆ ಮೋಸಹೋಗುತ್ತೇವೆ. ಜಪಾನಿನಲ್ಲಿ ರೋಗಿ ವಾರಗಟ್ಟಲೆ ಇರುತ್ತಾರೆ, ಮುಂದೆ ಪುನಶ್ಚೇತನ ವಾರ್ಡಿನಲ್ಲಿ 90 ದಿನಗಳವರೆಗೂ ಉಳಿಯಬಹುದು. ಅಮೆರಿಕದಲ್ಲಿ ಕೆಲವೇ ದಿನಗಳಲ್ಲಿ ಬಿಡುಗಡೆಯಾಗುತ್ತದೆ, ಆದರೆ ಬಹಳಷ್ಟು ಜನ ಹೋಗುವುದು ಮನೆಗಲ್ಲ, ಶುಶ್ರೂಷಾ ಕೇಂದ್ರಕ್ಕೆ. ಅರ್ಹರಿಗೆ ಅಲ್ಲಿನ ಮೊದಲ 20 ದಿನಗಳ ವೆಚ್ಚವನ್ನು ಮೆಡಿಕೇರ್ ಎಂಬ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ವಿಮೆ ಪೂರ್ತಿ ಭರಿಸುತ್ತದೆ.

ನಮ್ಮಲ್ಲಿ ಪುನಶ್ಚೇತನ ಕೇಂದ್ರದ ಹೆಸರು ಸೊಸೆ. ದೊಡ್ಡಮ್ಮನ ವಿಮೆ ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟಿತು, ಮನೆಗೆ ಬಂದ ಫಿಸಿಯೋಥೆರಪಿಸ್ಟರಿಗೆ ಕೊಡಲಿಲ್ಲ. ಹತ್ತು ದಿನಗಳ ಬಳಿಕ ಅವರನ್ನು ನಿಲ್ಲಿಸಿದೆವು. ಮುಂದಿನದನ್ನು ಅತ್ತಿಗೆ ಯೂಟ್ಯೂಬ್ ನೋಡಿ ಕಲಿತರು. ವಾಕರ್ ಹಿಡಿದು ಹಿತ್ತಲ ಬಾಗಿಲು ಮುಟ್ಟಲು ಮೂರು ತಿಂಗಳಾಯಿತು. ಇಂಗ್ಲೆಂಡಿನ ಆ ದಾಖಲೆಯಲ್ಲಿ, 120 ದಿನಗಳ ನಂತರ ರೋಗಿ ಎಲ್ಲಿದ್ದಾರೆ, ಹೇಗೆ ನಡೆಯುತ್ತಿದ್ದಾರೆ ಎಂದು ತುಂಬಿಸುವ ಜಾಗವೂ ಇದೆ. ನಮ್ಮನ್ನು ಹಾಗೆ ಕೇಳಿದವರು ನೆಂಟರು ಮಾತ್ರ.