ನಕ್ಷತ್ರ ಕೂಡಿಬಂದರೆ ಪಿಎಚ್‌ಡಿ

ನಮ್ಮೂರ ಜೋಯಿಸರು ಜಾತಕ ಕೂಡಿಬರಲಿಲ್ಲ ಅಂತ ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. "ಮಗು ಹುಟ್ಟಿದಾಗ ಗಡಿಯಾರ ಸರಿಯಾಗಿತ್ತೇನಮ್ಮಾ? ಸ್ವಲ್ಪ ಹಿಂದೆ ಇದ್ದಿರಬಹುದಲ್ವಾ?" ಅಂತ ಕೇಳುತ್ತಿದ್ದರು. ಗಡಿಯಾರ ಹಿಂದೆ ಹೋಗುತ್ತಿತ್ತು, ನಕ್ಷತ್ರ ಪಕ್ಕಕ್ಕೆ ಜಾರುತ್ತಿತ್ತು, ಛತ್ರ ಬುಕ್ ಆಗುತ್ತಿತ್ತು. ಇದೇ ವಿದ್ಯೆಗೆ ವಿಶ್ವವಿದ್ಯಾಲಯದಲ್ಲಿ ಎಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಅಂಕಿಅಂಶ ವಿದ್ಯೆ, ಅಂತಾರೆ ಅಂತ ಗೊತ್ತಾಗೋಕೆ ನನಗೆ ಐದು ವರ್ಷ ಬೇಕಾಯಿತು.

ಅಲ್ಲೂ ನಕ್ಷತ್ರಗಳಿವೆ, ತಮಾಷೆಯಲ್ಲ. ನಿಜಕ್ಕೂ ಏನೂ ಸಂಬಂಧ ಇಲ್ಲದಿದ್ದರೂ ಸುಮ್ನೆ ಅದೃಷ್ಟಕ್ಕೆ ಇಂಥ ಫಲಿತಾಂಶ ಬರುವ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಅದೇ ಪಿ-ವ್ಯಾಲ್ಯೂ. 10%ಕ್ಕಿಂತ ಕಡಿಮೆಯಾದರೆ ಟೇಬಲ್ಲಿನಲ್ಲಿ ಅಂಕಿಯ ಪಕ್ಕ ಒಂದು ನಕ್ಷತ್ರ, 5%ಕ್ಕಿಂತ ಕಡಿಮೆಗೆ ಎರಡು, 1%ಕ್ಕಿಂತ ಕಡಿಮೆಗೆ ಮೂರು. ಈ 5% ಯಾವ ಶಾಸ್ತ್ರದಿಂದ ಬಂತು ಅಂತ ಕೇಳಬೇಡಿ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇಪ್ಪತ್ತಕ್ಕೆ ಒಂದು ಅನ್ನೋದು ಅನುಕೂಲವಾದ ಗೆರೆ ಅಂದರು. ಅವರಿಗೆ ಅನುಕೂಲವಾಗಿದ್ದು ನೂರು ವರ್ಷದಿಂದ ನಮಗೆ ಶಾಸ್ತ್ರವಾಗಿದೆ.

ನನ್ನ ವಿಷಯ ಇಷ್ಟೇ: ಸ್ವಸಹಾಯ ಸಂಘಗಳು ಜಾಸ್ತಿ ಇರುವ ಜಿಲ್ಲೆಯಲ್ಲಿ ತಲಾದಾಯ ಬೇಗ ಬೆಳೆಯುತ್ತದಾ? ಕರ್ನಾಟಕದ 31 ಜಿಲ್ಲೆ, 31 ಸಾಲು. ಪ್ರಿಂಟ್ ತೆಗೆದು ಗೈಡ್ ಮುಂದಿಟ್ಟೆ. ಪಿ-ವ್ಯಾಲ್ಯೂ 0.13, ಅಂದರೆ 13%. ಸರ್ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಒಂದೂ ನಕ್ಷತ್ರ ಇಲ್ಲವಲ್ಲಪ್ಪಾ."

"ಇಲ್ಲ ಸರ್. ಸಂಬಂಧ ಇಲ್ಲ ಅಂತ ಕಾಣುತ್ತೆ."

"ಸಂಬಂಧ ಇಲ್ಲ ಅಂತ ಬರೆದರೆ ಯಾರಪ್ಪಾ ಓದ್ತಾರೆ? ಬೆಂಗಳೂರು ನಗರ ತೆಗೆದು ನೋಡು."

ತೆಗೆದೆ. 0.12. ಅಂಕಿಗಳಿಗೆ ಲಾಗ್ (ಲಾಗರಿತಂ) ತಗೋ ಅಂದರು, ತಗೊಂಡೆ, 0.11. ಆಮೇಲೆ ಯಾದಗಿರಿ, ರಾಯಚೂರು ಎರಡೂ ಔಟ್‌ಲೈಯರ್, ಅಂದರೆ ಗುಂಪಿಗೆ ಸೇರದ ಅಂಕಿ, ಅಂತ ತೀರ್ಮಾನವಾಯಿತು. ಬಜೆಟ್ಟಿನಲ್ಲೂ ಹಿಂದೆ ಉಳಿದ ಜಿಲ್ಲೆಗಳು, ಪಾಪ, ನನ್ನ ಎಕ್ಸೆಲ್ ಶೀಟಿನಿಂದಲೂ ಹೊರಗೆ ಹೋದವು. 0.09! ಒಂದು ನಕ್ಷತ್ರ ಮೂಡಿತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. 'ಫೈನಲ್ 23' ಅನ್ನೋ ಹೆಸರಲ್ಲಿ ಫೈಲ್ ಸೇವ್ ಮಾಡಿದೆ. ಥೀಸಿಸ್‌ನಲ್ಲಿ "ನಾವು ಮೊದಲೇ ನಿರೀಕ್ಷಿಸಿದಂತೆ" ಅಂತ ಬರೆದೆ.

ದೋಷಗಳಿಗೂ ಶಾಂತಿ ಉಂಟು. ಹೆಟೆರೋಸ್ಕೆಡಾಸ್ಟಿಸಿಟಿ ಅಂತ ಒಂದು ಇದೆ, ಅಂಕಿಗಳ ಏರುಪೇರು ಎಲ್ಲ ಕಡೆ ಒಂದೇ ಸಮ ಇರದ ದೋಷ, ಕೇಳೋಕೆ ಕುಜದೋಷಕ್ಕಿಂತ ಭಯಂಕರ. ಪರಿಹಾರ ಏನು ಅಂದರೆ ಸ್ಟೇಟಾ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಮಾಂಡಿನ ಕೊನೆಗೆ ಒಂದು ಕಾಮಾ ಹಾಕಿ 'ರೋಬಸ್ಟ್' ಅಂತ ಟೈಪ್ ಮಾಡೋದು. ಹೋಮಕ್ಕಿಂತ ಅಗ್ಗ, ಹೊಗೆಯೂ ಇಲ್ಲ.

ಅಂದಹಾಗೆ, ತಲಾದಾಯಕ್ಕೂ ಸಂಬಂಧ ಇಲ್ಲದ, ಒಂದಕ್ಕೊಂದು ಸಂಬಂಧವೂ ಇಲ್ಲದ 20 ಸಂಗತಿಗಳನ್ನು ತಂದು ಒಂದೊಂದಾಗಿ ಪರೀಕ್ಷೆ ಮಾಡಿದರೆ, ಒಂದಕ್ಕಾದರೂ 5% ಗೆರೆ ದಾಟುವ ಯೋಗ ಇರುವ ಸಂಭವ ಸುಮಾರು 64%. ಹಾಗಾಗಿ ಸಂಶೋಧನೆಗೆ ಬೇಕಾಗಿರೋದು ಬುದ್ಧಿಯಲ್ಲ, ತಾಳ್ಮೆ.

ಇದೆಲ್ಲ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ ಅವರ ಪೇಪರ್ ಬಂತು: ದೇಶದ ಸಾಲ ಜಿಡಿಪಿಯ 90% ದಾಟಿದರೆ ಬೆಳವಣಿಗೆ ಸರಾಸರಿ ಮೈನಸ್ 0.1%. ಖರ್ಚು ಕಡಿಮೆ ಮಾಡಿ ಅಂತ ಯುರೋಪು, ಅಮೆರಿಕದ ರಾಜಕಾರಣಿಗಳು ಇದನ್ನೇ ಹಿಡಿದು ಓಡಾಡಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ, ಕ್ಲಾಸಿನಲ್ಲಿ ಕೊಟ್ಟ ಹೋಂವರ್ಕ್‌ಗೆ ಅಂತ ಆ ಎಕ್ಸೆಲ್ ಫೈಲ್ ತೆರೆದು ನೋಡಿದರೆ, ಸರಾಸರಿ ತೆಗೆಯುವಾಗ ಮೌಸ್ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಔಟ್. ಆ ತಪ್ಪಿನ ಜೊತೆಗೆ ಬಿಟ್ಟುಹೋದ ವರ್ಷಗಳು, ಸರಾಸರಿಯಲ್ಲಿ ದೇಶಗಳಿಗೆ ಕೊಟ್ಟ ವಿಚಿತ್ರ ತೂಕ ಎಲ್ಲ ಸರಿಮಾಡಿದ ಮೇಲೆ ಹರ್ನ್‌ಡನ್ ಮತ್ತು ಅವರ ಪ್ರೊಫೆಸರುಗಳ ಲೆಕ್ಕಕ್ಕೆ ಬಂದಿದ್ದು 2.2%. ನಾನು ಬೇಕಂತಲೇ ಜಿಲ್ಲೆ ಬಿಟ್ಟೆ, ಅವರ ಕೈಯಲ್ಲಿ ಅಚಾತುರ್ಯದಿಂದ ದೇಶಗಳೇ ಬಿಟ್ಟುಹೋದವು. ದೊಡ್ಡವರು ದೊಡ್ಡವರೇ.

ಈ ಮಧ್ಯೆ ನಮ್ಮ ವಿಭಾಗಕ್ಕೆ ಡೇಟಾ ಸೈನ್ಸ್ ಅಂತ ಹೊಸ ಬೋರ್ಡು ಬಂತು. ಸಿಲಬಸ್ ಅದೇ, ಬೋರ್ಡಿಗೆ ಮಾತ್ರ ಎಲ್‌ಇಡಿ. ಅದರ ಗೌರವಕ್ಕೆ ನನ್ನ ಥೀಸಿಸ್‌ಗೆ 'ರ‍್ಯಾಂಡಮ್ ಫಾರೆಸ್ಟ್' ಅಧ್ಯಾಯ ಸೇರಿಸಬೇಕಾಯಿತು. ಕವಲೊಡೆಯುವ ಪ್ರಶ್ನೆಗಳ 'ಮರ'ಗಳನ್ನು ಬೆಳೆಸಿ, ಎಲ್ಲದರ ಉತ್ತರ ಸೇರಿಸಿ ಅಂದಾಜು ಮಾಡುವ ವಿಧಾನ ಅದು. 'ಆರ್' ಅನ್ನೋ ಸಾಫ್ಟ್‌ವೇರ್‌ನಲ್ಲಿ ಸುಮ್ನೆ ಬಿಟ್ಟರೆ ತಾನೇ 500 ಮರ ಬೆಳೆಸುತ್ತದೆ. ಉಳಿದಿದ್ದ 28 ಜಿಲ್ಲೆಗೆ 500 ಮರ! ಅರಣ್ಯ ಇಲಾಖೆ ಕೂಡ ವನಮಹೋತ್ಸವದಲ್ಲಿ ಇಷ್ಟು ಸಲೀಸಾಗಿ ನೆಟ್ಟಿರಲಿಕ್ಕಿಲ್ಲ.

ಒಂದು ದಿನ ಧೈರ್ಯ ಮಾಡಿ ಸರ್‌ಗೆ ಹೇಳಿದೆ: ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯವರು ಟೇಬಲ್ಲಿನಲ್ಲಿ ನಕ್ಷತ್ರ ಹಾಕಬೇಡಿ ಅಂತ ನಿಯಮ ಮಾಡಿದ್ದಾರಂತೆ, ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನೋ ಅಳತೆ, ಕೊಟ್ಟರೆ ಸಾಕಂತೆ. ಸರ್ ಸಿಟ್ಟಾಗಲಿಲ್ಲ.

"ಅವರಿಗೇನಪ್ಪಾ, ಕೆಲಸ ಪರ್ಮನೆಂಟು. ನಿನಗೆ ಡಿಗ್ರಿ ಬೇಕಲ್ವಾ? ಇರಲಿ ಬಿಡು. ಥೀಸಿಸ್ ಯಾವತ್ತು ಕೊಡ್ತೀಯ?"

"ಶುಕ್ರವಾರ ಹನ್ನೊಂದಕ್ಕೆ ಸರ್."

ಸರ್ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. "ಬೇಡ ಬೇಡ. ಹನ್ನೆರಡರ ತನಕ ರಾಹುಕಾಲ."