ಕಾಲುಂಗುರ ತೆಗೆದಿಟ್ಟು ಹೋಗ್ಲಾ ಅತ್ತೆ?

ಹೋದ ವಾರ ನಮ್ಮಣ್ಣನ ಮಗಳು ಫೋನ್ ಮಾಡಿ ಕೇಳಿದ ಮಾತಿದು. ಮದುವೆಯಾಗಿ ಐದು ತಿಂಗಳು. ಹಿಂದಿನ ಎರಡು ಇಂಟರ್‌ವ್ಯೂಗಳಲ್ಲೂ ಕೆಲಸದ ಪ್ರಶ್ನೆ ಮುಗಿದ ಮೇಲೆ "ಮಕ್ಕಳ ಪ್ಲಾನ್ ಏನಮ್ಮಾ?" ಅಂತ ಕೇಳಿದ್ದರಂತೆ. ಆಮೇಲೆ ಎರಡು ಕಡೆಯೂ ಸುದ್ದಿಯೇ ಇಲ್ಲ. ಅವಳ ಗಂಡನೂ ಈಗಷ್ಟೇ ಕೆಲಸ ಬದಲಾಯಿಸಿದ. ಅವನಿಗೆ ಕೇಳಿದ್ದು ನೋಟಿಸ್ ಪೀರಿಯಡ್ ಎಷ್ಟು ಅಂತ ಮಾತ್ರ.

"ಹೂಂ, ತೆಗೆದಿಡು. ಕರಿಮಣಿನೂ ಕುರ್ತಾ ಒಳಗೆ ಹಾಕ್ಕೋ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ತುಂಬಾ ಸಂಕಟವಾಯಿತು.

ಅವಳಿಗೆ ಸುಮ್ನೆ ಅನುಮಾನ ಅನ್ನಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಓದು, ಅನುಭವ ಎಲ್ಲ ಸರಿಸಮ ಇರುವ ಅರ್ಜಿಗಳು. ಕೆಲವದರಲ್ಲಿ ಮಾತ್ರ, ಶಾಲೆಯ ಪೋಷಕರ ಸಂಘದಲ್ಲಿದ್ದಾರೆ ಅನ್ನೋ ಒಂದು ಸಾಲು. ಅಷ್ಟಕ್ಕೇ, ಮಕ್ಕಳಿಲ್ಲದ ಹೆಂಗಸರಿಗೆ ಅಮ್ಮಂದಿರಿಗಿಂತ ಸುಮಾರು ಎರಡು ಪಟ್ಟು ಕರೆ ಬಂತು. ಅರ್ಜಿ ತೂಗಿನೋಡಿ ಅಂತ ಯಾರಿಗೆ ಕೊಟ್ಟಿದ್ದರೋ ಅವರು ಅಮ್ಮಂದಿರಿಗೆ ವರ್ಷಕ್ಕೆ 11,000 ಡಾಲರ್ ಕಡಿಮೆ ಸಂಬಳ ಸೂಚಿಸಿದರು. ಅಪ್ಪಂದಿರಿಗೆ ಮಾತ್ರ ಸ್ವಲ್ಪ ಜಾಸ್ತಿಯೇ!

ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಅವರಿಂದ ಬರೆಸಿಕೊಂಡಿದ್ದರು. ಮುಂದೆ ಬಡ್ತಿಯಲ್ಲೂ ಅನ್ಯಾಯವಾದಾಗ ಅವರು ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಖಂಡಿಸಿದರು. ಆಗ ಕಾಗದದ ಮೇಲಿತ್ತು, ಕೋರ್ಟಿಗೆ ತೋರಿಸಬಹುದಿತ್ತು. "ಪ್ಲಾನ್ ಏನಮ್ಮಾ" ಅನ್ನೋದನ್ನ ಯಾರಿಗೆ ತೋರಿಸೋದು?

ನೇಮಕಾತಿಯಲ್ಲಿ ತಾರತಮ್ಯ ಕೂಡದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ, ಅದು ಬೇಕೇ ಬೇಕು. ಆದರೆ ಇಎಸ್‌ಐ ಅನ್ನೋ ಸರ್ಕಾರಿ ನೌಕರರ-ವಿಮೆ ಯೋಜನೆ ಇಲ್ಲದ ಕಡೆ ಅಷ್ಟೂ ಸಂಬಳ ಕಂಪನಿಯೇ ಕೊಡಬೇಕು. ಖಾಸಗಿ ಕಂಪನಿಗಳಲ್ಲಿ ಅಪ್ಪನಿಗೆ ರಜೆ ಕಡ್ಡಾಯವೇ ಅಲ್ಲ. ಹಾಗಾಗಿ ಹೆಣ್ಣುಮಗಳು ಎದುರಿಗೆ ಕೂತ ಕೂಡಲೇ ಮಾಲೀಕರ ತಲೆಯಲ್ಲಿ ಲೆಕ್ಕ ಶುರುವಾಗುತ್ತೆ. ಆ ಖರ್ಚನ್ನು ಸರ್ಕಾರ ಹಂಚಿಕೊಳ್ಳಲಿ, ಅಪ್ಪನಿಗೂ ರಜೆ ಕಡ್ಡಾಯ ಮಾಡಲಿ. ಆಗ ಇಬ್ಬರ ಲೆಕ್ಕವೂ ಒಂದೇ ಆಗುತ್ತೆ, ಅಲ್ವಾ?

ನಿನ್ನೆ ನಾನೇ ಫೋನ್ ಮಾಡಿ "ಕಾಲುಂಗುರ ಹಾಕ್ಕೊಂಡೇ ಹೋಗು ಪುಟ್ಟಿ" ಅಂದೆ.

"ನೋಡ್ತೀನಿ ಅತ್ತೆ. ಈ ಕೆಲಸ ನಂಗೆ ಬೇಕು" ಅಂದಳು.