ಲಂಗರಿನ ಊಟವೂ ಕಾಗದದ ಚೀಲವೂ

“ಏನೋ ತಮ್ಮಾ, ನಿಮ್ಮ ಅಮೆರಿಕದ ಸೈನಿಕರಿಗೆ ಬೆಲ್ಟ್ ಸಾಲುತ್ತಿಲ್ಲವಂತೆ!” ಎಂದು ಅಣ್ಣ ಫೋನಿನಲ್ಲಿ ನಕ್ಕ. ಅವನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸುಬೇದಾರನಾಗಿ ನಿವೃತ್ತನಾದವನು. ಬೈಲಹೊಂಗಲದ ಮನೆಯ ಕಟ್ಟೆಯ ಮೇಲೆ ಕುಳಿತು ಜಗತ್ತಿನ ಸೈನ್ಯಗಳ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ನೋಡುತ್ತಿರುತ್ತಾನೆ. 2025ರ ಸೆಪ್ಟೆಂಬರ್ 30ರಂದು ಇಲ್ಲಿನ ಸೇನಾ ಖಾತೆಯ ಸಚಿವ ಪೀಟ್ ಹೆಗ್‌ಸೆತ್ ತಮ್ಮ ಜನರಲ್‌ಗಳನ್ನೂ ಅಡ್ಮಿರಲ್‌ಗಳನ್ನೂ ವರ್ಜೀನಿಯಾದ ಕ್ವಾಂಟಿಕೊಗೆ ಕರೆಸಿಕೊಂಡಿದ್ದರು. ದಪ್ಪ ಸೈನಿಕರನ್ನು ನೋಡಿ ನೋಡಿ ಬೇಸರವಾಗಿದೆ, ಪೆಂಟಗನ್ನಿನ ಪಡಸಾಲೆಗಳಲ್ಲಿ ದಪ್ಪ ಜನರಲ್‌ಗಳು ಓಡಾಡುವುದನ್ನಂತೂ ಒಪ್ಪಲಾಗದು ಎಂದು ಎಲ್ಲರ ಮುಂದೆಯೇ ಹೇಳಿದ್ದರು. ಆ ತುಣುಕು ಬೈಲಹೊಂಗಲವನ್ನೂ ಮುಟ್ಟಿತ್ತು.

ನನಗೆ ನಗು ಬರಲಿಲ್ಲ. ನಾನಿರುವುದು ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್‌ನಲ್ಲಿ, ಫೋರ್ಟ್ ಬ್ರ್ಯಾಗ್ ಸೇನಾನೆಲೆಯ ಬಾಗಿಲಲ್ಲಿ. ಆ ನೆಲೆಗೆ 2023ರಲ್ಲಿ ಫೋರ್ಟ್ ಲಿಬರ್ಟಿ ಎಂದು ಹೆಸರಿಟ್ಟರು, 2025ರಲ್ಲಿ ಹಳೆಯ ಹೆಸರನ್ನೇ ಮರಳಿ ತಂದರು. ಊರಿನವರು ಮಾತ್ರ ಯಾವತ್ತೂ ಬ್ರ್ಯಾಗ್ ಎಂದೇ ಕರೆದರು. ನಾನು ಫಿಸಿಯೊಥೆರಪಿಸ್ಟ್. ನನ್ನ ಮುಂದೆ ಮಲಗುವ ಮೊಣಕಾಲುಗಳಲ್ಲಿ, ಸೊಂಟಗಳಲ್ಲಿ ಹೆಚ್ಚಿನವು ಸೈನಿಕರವು. ಬೆಳಗಿನ ಆರೂವರೆಗೆ ಆರ್ಡೆನ್ಸ್ ರಸ್ತೆಯಲ್ಲಿ 82ನೇ ಏರ್‌ಬೋರ್ನ್ ವಿಭಾಗದವರು ಸಾಲುಸಾಲಾಗಿ ಓಡುವುದನ್ನು ಒಮ್ಮೆ ನೋಡಿದವರು ಇವರನ್ನು ಸೋಮಾರಿಗಳು ಎನ್ನಲಾರರು. ಅವರು ಓಡುತ್ತಾರೆ, ಭಾರ ಹೊರುತ್ತಾರೆ, ವಿಮಾನದಿಂದ ಜಿಗಿಯುತ್ತಾರೆ. ಹಾಗಿದ್ದೂ ಸೈನಿಕರು ದಪ್ಪಗಾಗುತ್ತಿರುವುದು ನಿಜ.

ಎಷ್ಟು ನಿಜವೆಂಬುದಕ್ಕೆ ಲೆಕ್ಕವೂ ಇದೆ. ಅಮೆರಿಕನ್ ಸೆಕ್ಯುರಿಟಿ ಪ್ರಾಜೆಕ್ಟ್ ಎಂಬ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಸೇವೆಯಲ್ಲಿರುವವರಲ್ಲಿ ಸ್ಥೂಲಕಾಯದವರು 2012ರಲ್ಲಿ ಶೇ. 10.4ರಷ್ಟಿದ್ದರು, 2022ರ ಹೊತ್ತಿಗೆ ಶೇ. 21.6ಕ್ಕೆ ಏರಿದರು. ಅಧಿಕ ತೂಕದವರನ್ನೂ ಸೇರಿಸಿದರೆ ನೂರಕ್ಕೆ ಅರವತ್ತೆಂಟು ಮಂದಿ. ಕೊರೊನಾ ಕಾಲವಂತೂ ಭೂಸೇನೆಯಲ್ಲಿ ಸುಮಾರು ಹತ್ತು ಸಾವಿರ ಯೋಧರನ್ನು ಹೊಸದಾಗಿ ಬೊಜ್ಜಿನ ಪಟ್ಟಿಗೆ ಸೇರಿಸಿತು ಎಂದು ಸೇನೆಯದೇ ವೈದ್ಯಕೀಯ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆ.

ಅಂಕಿಗಳನ್ನು ಬದಿಗಿಟ್ಟು ನಮ್ಮ ಪಕ್ಕದ ಮನೆಯ ಹುಡುಗನ ಮಾತು ಹೇಳುತ್ತೇನೆ. ಸೇನೆಗೆ ಸೇರಿದಾಗ ಕಡ್ಡಿಯಂತಿದ್ದ, ಈಗ ಸಾರ್ಜೆಂಟ್. ಬ್ಯಾರಕ್‌ನಲ್ಲಿದ್ದ ದಿನಗಳಲ್ಲಿ ಅವನ ಸಂಬಳದಿಂದ ಊಟದ ಭತ್ಯೆ ನೇರವಾಗಿ ಕಡಿತವಾಗುತ್ತಿತ್ತು. ಬದಲಿಗೆ ಕೈಯಲ್ಲಿ ಮೀಲ್ ಕಾರ್ಡ್. ಆದರೆ ವಾಹನಗಳ ಶೆಡ್ಡಿನಲ್ಲಿ ಗ್ರೀಸ್ ಮೆತ್ತಿದ ಕೈ ತೊಳೆದು ಹೊರಬೀಳುವಷ್ಟರಲ್ಲಿ ಊಟದ ಹಾಲ್‌ನ ಬಾಗಿಲು ಮುಚ್ಚಿರುತ್ತಿತ್ತು. ಹಣ ಕೊಟ್ಟಾಗಿದೆ, ಊಟವಿಲ್ಲ. ಹಾಗಾಗಿ ಬರ್ಗರ್ ಅಂಗಡಿಯ ಕಿಟಕಿಯಲ್ಲಿ ಕಾಗದದ ಚೀಲ ಪಡೆದು, ಕಾರಿನ ಸ್ಟಿಯರಿಂಗ್ ಮುಂದೆಯೇ ಒಬ್ಬನೇ ತಿಂದು ಮಲಗುವುದು. ಬೆಳಗ್ಗೆ ಎಚ್ಚರವಾಗಿರಲು ಎನರ್ಜಿ ಡ್ರಿಂಕ್. ಆರು ಮೈಲಿ ಓಡಿದವನು ತನಗೆ ಏನು ತಿಂದರೂ ನಡೆಯುತ್ತದೆ ಎಂದುಕೊಳ್ಳುವುದು ಸಹಜ. ಇಪ್ಪತ್ತರ ವಯಸ್ಸಿನಲ್ಲಿ ಅದು ನಡೆಯುತ್ತದೆ ಕೂಡ. ಮೂವತ್ತಕ್ಕೆ ಮೊಣಕಾಲು ನೋವೆಂದು ನನ್ನ ಬಳಿ ಬರುತ್ತಾರೆ. ನೋವಿದ್ದವರು ಓಡಲಾರರು, ಓಡದೆ ತೂಕ ಏರುತ್ತದೆ, ಏರಿದ ತೂಕ ಮತ್ತೆ ಅದೇ ಮೊಣಕಾಲಿನ ಮೇಲೆ ಕೂರುತ್ತದೆ.

ಇಲ್ಲಿನ ಸೇನಾನೆಲೆಗಳೊಳಗೆ ವ್ಯಾಪಾರ ಹೊಸದಲ್ಲ. ಪೋಸ್ಟ್ ಎಕ್ಸ್‌ಚೇಂಜ್ ಎಂಬ ಸೈನಿಕರ ಅಂಗಡಿಗಳ ವ್ಯವಸ್ಥೆ ಶುರುವಾದದ್ದು 1895ರಲ್ಲಿ. 1984ರಲ್ಲಿ ಭೂಸೇನೆ ಮತ್ತು ವಾಯುಸೇನೆಯ ಎಕ್ಸ್‌ಚೇಂಜ್ ಸಂಸ್ಥೆ ಬರ್ಗರ್ ಕಿಂಗ್ ಜೊತೆ ಒಪ್ಪಂದ ಮಾಡಿಕೊಂಡಿತು, ಅಲ್ಲಿಂದ ಫಾಸ್ಟ್ ಫುಡ್ ನೆಲೆಗಳೊಳಗೇ ಬೇರೂರಿತು. ಈ ಅಂಗಡಿಗಳ ಲಾಭದ ದೊಡ್ಡ ಪಾಲು ಸೈನಿಕರ ಮನರಂಜನೆ ಮತ್ತು ಕ್ಷೇಮದ ನಿಧಿಗೆ ಹೋಗುತ್ತದೆ. ಮೇಲ್ನೋಟಕ್ಕೆ ಒಳ್ಳೆಯ ಏರ್ಪಾಡೇ. ನನ್ನನ್ನು ಕಾಡುವುದು ಅದರ ಇನ್ನೊಂದು ಮುಖ: ಹುಡುಗ ಕರಿದದ್ದನ್ನು ಹೆಚ್ಚು ತಿಂದಷ್ಟೂ ಅವನ ಕ್ಷೇಮದ ನಿಧಿ ತುಂಬುತ್ತದೆ. ಊಟದ ಹಾಲ್‌ನಲ್ಲಿ ಆರೋಗ್ಯಕ್ಕೆ ಒಳ್ಳೆಯದಕ್ಕೆ ಹಸಿರು, ಮಿತವಾಗಿ ತಿನ್ನಬೇಕಾದ್ದಕ್ಕೆ ಹಳದಿ, ಅಪರೂಪಕ್ಕೆ ಮಾತ್ರ ತಿನ್ನಬೇಕಾದ್ದಕ್ಕೆ ಕೆಂಪು ಎಂದು ಚೀಟಿ ಹಚ್ಚಿರುತ್ತಾರೆ. ಆ ಚೀಟಿಗಳನ್ನು ಓದಲು ಹುಡುಗ ಮೊದಲು ಆ ಹಾಲ್‌ನೊಳಗೆ ಬರಬೇಕಲ್ಲ?

ಈಗ ಅಣ್ಣನ ಲಂಗರಿಗೆ, ಅಂದರೆ ನಮ್ಮ ಸೇನೆಯಲ್ಲಿ ಸೈನಿಕರು ಒಟ್ಟಿಗೆ ಉಣ್ಣುವ ಅಡುಗೆಮನೆಗೆ, ಬರುತ್ತೇನೆ. ಅವನು ಪಠಾಣ್‌ಕೋಟ್‌ನಲ್ಲಿದ್ದಾಗ ನಾನು ಅಲ್ಲಿಗೆ ಹೋಗಿದ್ದೆ, ಅದೃಷ್ಟಕ್ಕೆ ಅದೇ ಸಮಯಕ್ಕೆ ಇಡೀ ಪಲ್ಟಣ್ ಒಟ್ಟಿಗೆ ಉಣ್ಣುವ ಔತಣ, ಬಡಾ ಖಾನಾ, ಬಂದಿತ್ತು. ಕರ್ನಲ್ ಸಾಹೇಬರೂ ನಿನ್ನೆ ಮೊನ್ನೆ ಬಂದ ಸಿಪಾಯಿಯೂ ಒಂದೇ ಪಂಕ್ತಿಯಲ್ಲಿ ಉಂಡರು. ಅಡುಗೆಯವನು ಸೊಲ್ಲಾಪುರದ ಕಡೆಯವನು. ನಾನು ಬೆಳಗಾವಿ ಜಿಲ್ಲೆಯವನೆಂದು ತಿಳಿದ ಮೇಲೆ ಅವನು ನನ್ನ ತಟ್ಟೆಯಲ್ಲಿ ಠೇಚಾ ಹಾಕಿದ ರೀತಿ ಇನ್ನೂ ನೆನಪಿದೆ. ಊಟವೇನೂ ಹಗುರವಾಗಿರಲಿಲ್ಲ. ಪೂರಿ, ಆಲೂ, ಹಲ್ವಾ, ಮಟನ್, ಎಲ್ಲವೂ ಧಾರಾಳ. ಆದರೆ ದಿನದ ಊಟಕ್ಕೆ ಹೊತ್ತು ಗೊತ್ತಿತ್ತು, ಆ ಹೊತ್ತು ಸೈನಿಕನ ಕೆಲಸಕ್ಕೆ ಹೊಂದಿಕೊಳ್ಳುತ್ತಿತ್ತು. ಡ್ಯೂಟಿಯಿಂದ ತಡವಾಗಿ ಬರುವವನಿಗೆ ಪಾಲು ಮುಚ್ಚಿಡುತ್ತಿದ್ದರು. ಮುಖ್ಯವಾಗಿ, ಯಾರೂ ಒಬ್ಬರೇ ತಿನ್ನುತ್ತಿರಲಿಲ್ಲ. ಯಾರು ಊಟ ಬಿಟ್ಟ, ಯಾರು ಮೂರನೆಯ ಸಲ ಬಡಿಸಿಕೊಂಡ ಎಂಬುದು ಪಕ್ಕದಲ್ಲಿ ಕುಳಿತವನಿಗೆ ಗೊತ್ತಿತ್ತು, ಹವಾಲ್ದಾರನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಫಯೆಟ್‌ವಿಲ್‌ನ ಹುಡುಗ ಕಾರಿನೊಳಗೆ ಏನು ತಿಂದ ಎಂಬುದು ಮೈಯ ಕೊಬ್ಬು ಅಳೆಯಲು ಟೇಪ್ ಹಿಡಿಯುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಇತ್ತೀಚೆಗೆ ಆ ಲಂಗರಿಗೆ ನಮ್ಮ ಹೊಲದ ಕಾಳೂ ಮರಳಿದೆ. ಸಿರಿಧಾನ್ಯ ವರ್ಷವೆಂದು ಸಾರಿದ 2023ರಲ್ಲಿ ಭಾರತೀಯ ಭೂಸೇನೆ ಅರ್ಧ ಶತಮಾನದ ನಂತರ ಜೋಳ, ಸಜ್ಜೆ, ರಾಗಿಯ ಹಿಟ್ಟನ್ನು ಜವಾನರ ಪಡಿತರಕ್ಕೆ ಮತ್ತೆ ಸೇರಿಸಿತು. ಅಕ್ಕಿ ಮತ್ತು ಗೋಧಿ ಹಿಟ್ಟಿನ ಪಾಲಿನಲ್ಲಿ ಕಾಲುಭಾಗದವರೆಗೆ ಇವನ್ನು ಪಡೆಯಬಹುದು. ಮೈಸೂರಿನಲ್ಲಿ 1961ರಿಂದ ರಕ್ಷಣಾ ಆಹಾರ ಸಂಶೋಧನಾಲಯ ಇರುವುದು, ಗಡಿಯ ಯೋಧನು ಬಿಚ್ಚಿ ತಿನ್ನುವ ಪೊಟ್ಟಣಗಳ ಹಿಂದೆ ಅಲ್ಲಿನ ವಿಜ್ಞಾನಿಗಳ ಶ್ರಮವಿರುವುದು ನಮ್ಮವರಲ್ಲೇ ಅನೇಕರಿಗೆ ತಿಳಿಯದು. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗ ಸೇನೆಗೆ ಸೇರಿ ಗೋಧಿಗೆ ಒಗ್ಗಿಕೊಂಡ, ಈಗ ಅವನ ಮಗ ಅದೇ ಸೇನೆಯಲ್ಲಿ ಜೋಳ ತಿನ್ನುತ್ತಾನೆ ಎನ್ನುವುದು ನನಗೆ ತುಂಬಾ ಸಂತೋಷದ ಸಂಗತಿ.

ಅಮೆರಿಕದವರಿಗೆ ಈ ತಿಳಿವಳಿಕೆ ಇರಲಿಲ್ಲವೆಂದಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನೆಗೆ ಕರೆಸಿದ ಎಷ್ಟೋ ಹುಡುಗರನ್ನು ಅಪೌಷ್ಟಿಕತೆಯ ಕಾರಣಕ್ಕೆ ಹಿಂದೆ ಕಳುಹಿಸಬೇಕಾಯಿತು. ಆ ಆತಂಕವೂ ಸೇರಿ 1946ರಲ್ಲಿ ಶಾಲಾ ಮಕ್ಕಳ ಊಟದ ಕಾನೂನು ಬಂತು; ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಆ ಕಾನೂನಿನಲ್ಲಿ ಇದು ರಾಷ್ಟ್ರದ ಭದ್ರತೆಯ ಕ್ರಮವೆಂದೇ ಬರೆದಿದೆ. ಮಗುವಿನ ಮಧ್ಯಾಹ್ನದ ಊಟವನ್ನು ದೇಶದ ರಕ್ಷಣೆಗೆ ಜೋಡಿಸಿದ ದೂರದೃಷ್ಟಿ ಅದು. ಆಮೇಲೆ ಆ ಶಾಲೆಗಳಿಗೇ ಪಿಜ್ಜಾ, ಸೋಡಾ ಯಂತ್ರಗಳು ಹೊಕ್ಕವು. 2010ರಲ್ಲಿ ನಿವೃತ್ತ ಜನರಲ್‌ಗಳ ಒಂದು ಗುಂಪು ಮತ್ತೆ ಸಂಸತ್ತಿನ ಬಾಗಿಲಿಗೆ ಬಂದು, ಹದಿನೇಳರಿಂದ ಇಪ್ಪತ್ನಾಲ್ಕರ ವಯಸ್ಸಿನವರಲ್ಲಿ ನೂರಕ್ಕೆ ಇಪ್ಪತ್ತೇಳು ಮಂದಿ ತೂಕದಿಂದಾಗಿಯೇ ಸೇನೆಗೆ ಅನರ್ಹರು ಎಂದು ಎಚ್ಚರಿಸಬೇಕಾಯಿತು. ಅರವತ್ತನಾಲ್ಕು ವರ್ಷಗಳಲ್ಲಿ ಚಿಂತೆ ಪೂರ್ತಿ ತಲೆಕೆಳಗಾಗಿತ್ತು.

ಇದಕ್ಕೆ ಸೇನೆ ಹುಡುಕಿಕೊಂಡ ಉತ್ತರವೆಂದರೆ ಟೇಪು. ಬಹಳ ಕಾಲ ಎತ್ತರಕ್ಕೆ ತಕ್ಕ ತೂಕ ಮೀರಿದವರಿಗೆ ಟೇಪ್ ಹಿಡಿಯುತ್ತಿದ್ದರು. ಅದರಲ್ಲೂ ಸೋತರೆ ದಾಖಲೆಯಲ್ಲಿ ‘ಫ್ಲ್ಯಾಗ್’ ಬೀಳುತ್ತದೆ; ಬಡ್ತಿ ನಿಲ್ಲುತ್ತದೆ, ತರಬೇತಿ ಶಾಲೆಗಳ ಬಾಗಿಲು ಮುಚ್ಚುತ್ತದೆ. ಅಳೆಯುವ ವಿಧಾನವನ್ನೂ ಬದಲಿಸುತ್ತಲೇ ಇದ್ದಾರೆ. 2023ರಲ್ಲಿ ಕುತ್ತಿಗೆಯ ಅಳತೆ ಬಿಟ್ಟು ಹೊಟ್ಟೆಯೊಂದನ್ನೇ ಅಳೆಯುವ ಕ್ರಮ ಬಂತು. ದೈಹಿಕ ಪರೀಕ್ಷೆಯಲ್ಲಿ ಆರುನೂರಕ್ಕೆ ಐನೂರ ನಲವತ್ತು ಅಂಕ ಗಳಿಸಿದವರಿಗೆ ಟೇಪಿನಿಂದಲೇ ವಿನಾಯಿತಿ ಸಿಕ್ಕಿತು. ಕ್ವಾಂಟಿಕೊದ ಭಾಷಣದಲ್ಲಿ ಜನರಲ್‌ಗಳೂ ವರ್ಷಕ್ಕೆ ಎರಡು ಬಾರಿ ತೂಕಕ್ಕೆ ನಿಲ್ಲಬೇಕು ಎಂಬ ಆಜ್ಞೆಯಾಯಿತು. ಟೇಪ್ ಹಿಡಿಯುವ ವಾರ ನನ್ನ ಬಳಿ ಬರುವ ಹುಡುಗರ ಮುಖ ಬಾಡಿರುತ್ತದೆ. ಊಟ ಬಿಟ್ಟವರು, ನೀರು ಬಿಟ್ಟವರು, ಬೆವರು ಸುರಿಸಲು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡಿ ಸ್ನಾಯು ಹಿಡಿದುಕೊಂಡವರು. ಅವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ತಟ್ಟೆಯನ್ನು ವ್ಯಾಪಾರಿಗಳ ಕೈಗೆ ಕೊಟ್ಟು ಹೊಟ್ಟೆಗೆ ಟೇಪ್ ಸುತ್ತುವುದು ನ್ಯಾಯವಲ್ಲ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನಿಗೆ ಖುಷಿಯಾಯಿತು. ಆದರೆ ಅವನ ಖುಷಿಯನ್ನು ಹಾಗೆಯೇ ಬಿಡಲು ನನ್ನ ವೃತ್ತಿ ಒಪ್ಪುತ್ತಿಲ್ಲ.

ನಮ್ಮ ಸೈನ್ಯದಲ್ಲೂ ಹೊಟ್ಟೆಗಳಿವೆ. 2024ರ ಆರಂಭದಲ್ಲಿ ಭೂಸೇನೆ ಹೊಸ ದೈಹಿಕ ಕ್ಷಮತೆಯ ನೀತಿ ತಂದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು: ಪ್ರತಿಯೊಬ್ಬರಿಗೂ ಕ್ಷಮತೆಯ ಮೌಲ್ಯಮಾಪನ ಕಾರ್ಡ್, ತೂಕ ಮೀರಿದವರಿಗೆ ತಿದ್ದಿಕೊಳ್ಳಲು ಮೂವತ್ತು ದಿನ, ಆಮೇಲೂ ಇಳಿಯದಿದ್ದರೆ ರಜೆಗೆ ಕತ್ತರಿ. ಅಧಿಕಾರಿಗಳಲ್ಲೇ ಬೊಜ್ಜು ಮತ್ತು ಜೀವನಶೈಲಿಯ ಕಾಯಿಲೆಗಳು ಹೆಚ್ಚಿವೆ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಅಷ್ಟೇಕೆ, 2018ರಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಸಿಬ್ಬಂದಿಗೂ ಹೊಟ್ಟೆ ಕರಗಿಸದಿದ್ದರೆ ಅಮಾನತು ಎಂಬ ಎಚ್ಚರಿಕೆ ಹೋಗಿತ್ತು. ಲಂಗರಿನ ಶಿಸ್ತು ಲಂಗರಿನ ಬಾಗಿಲಿನವರೆಗೆ ಮಾತ್ರ. ಶಾಂತಿ ನೆಲೆಯಲ್ಲಿ ಕುಟುಂಬದ ಕ್ವಾರ್ಟರ್ಸ್ ಸಿಕ್ಕು, ಕಚೇರಿಯ ಕುರ್ಚಿ ಸಿಕ್ಕು, ಕ್ಯಾಂಟೀನಿನ ರಮ್ ಸಿಕ್ಕ ಮೇಲೆ ಅಣ್ಣನ ಮೈಯೂ ಬದಲಾಗಿತ್ತು. ರಜೆಗೆ ಬಂದಾಗ ನಮ್ಮ ಅವ್ವ ಅವನ ಮುಖ ಸವರಿ “ಎಷ್ಟು ಸೊರಗಿದ್ದೀಯೋ ಮಗನೇ” ಎಂದು ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ಬಡಿಸುತ್ತಿದ್ದಳು. ಓಣಿಯವರು ಡಬ್ಬಿಗಟ್ಟಲೆ ಕರದಂಟು ತಂದಿಡುತ್ತಿದ್ದರು. ಅವನು ಸೊರಗಿರಲಿಲ್ಲ. ಅದನ್ನು ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಏಕೆಂದರೆ ದೇಶ ಕಾಯುವ ಮಗನ ತೂಕದ ಮಾತು ಎತ್ತುವುದು ನಮ್ಮಲ್ಲಿ ಅಪಚಾರ. ನಿವೃತ್ತನಾದ ವರ್ಷವೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು.

ನಮ್ಮ ಮೈಗೆ ಇನ್ನೊಂದು ತೊಡಕಿದೆ. ಅಮೆರಿಕದ ಕೋಷ್ಟಕದಲ್ಲಿ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಇಪ್ಪತ್ತೈದು ದಾಟಿದರೆ ಅಧಿಕ ತೂಕ, ಮೂವತ್ತು ಮುಟ್ಟಿದರೆ ಸ್ಥೂಲಕಾಯ. ಭಾರತೀಯರಿಗೆ ವೈದ್ಯರು ಇಪ್ಪತ್ಮೂರಕ್ಕೆ, ಇಪ್ಪತ್ತೈದಕ್ಕೇ ಎಚ್ಚರಿಸುತ್ತಾರೆ. ಕೈಕಾಲು ತೆಳ್ಳಗಿದ್ದರೂ ನಮ್ಮ ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಇಲ್ಲಿನ ಟೇಪನ್ನು ನಾನು ಎಷ್ಟೇ ಬೈದರೂ ಹೊಟ್ಟೆಯನ್ನು ಅಳೆಯುವ ಕ್ರಮದಿಂದ ಹೆಚ್ಚು ಪ್ರಯೋಜನ ಆಗಬೇಕಾದದ್ದು ನಮಗೇ.

ಇನ್ನೂ ಒಂದನ್ನು ಒಪ್ಪಲೇಬೇಕು. 2022ರ ಆಗಸ್ಟ್‌ನಲ್ಲಿ ಸೌತ್ ಕ್ಯಾರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಭಾವಿ ಸೈನಿಕರಿಗೆ ಪೂರ್ವಸಿದ್ಧತೆಯ ತರಬೇತಿ ಆರಂಭಿಸಿದರು. ಕೊಬ್ಬಿನ ಮಿತಿಯನ್ನು ಸ್ವಲ್ಪ ಮೀರಿದ ಹುಡುಗ ಹುಡುಗಿಯರನ್ನು ಹಿಂದಕ್ಕೆ ಕಳುಹಿಸದೆ, ತೊಂಬತ್ತು ದಿನಗಳವರೆಗೆ ಇಟ್ಟುಕೊಂಡು, ಊಟ ಮಾಡುವುದನ್ನು ಕಲಿಸಿ, ಓಡಿಸಿ, ಆಮೇಲೆ ಮೂಲ ತರಬೇತಿಗೆ ಕಳುಹಿಸುತ್ತಾರೆ. ಸಾವಿರಾರು ಮಂದಿ ಹೀಗೆ ದಾಟಿದ್ದಾರೆ. ನಮ್ಮಲ್ಲಿ ಭರ್ತಿ ಮೈದಾನದಲ್ಲಿ ಒಂದು ಕಿಲೋ ಹೆಚ್ಚಾಗಿ ಹೊರಬಿದ್ದ ಹುಡುಗ ಅತ್ತುಕೊಂಡು ಬಸ್ ಹತ್ತುತ್ತಾನೆ.

ಅಣ್ಣನನ್ನು ಕೇಳಿದೆ: ನಿಮ್ಮ ಪಲ್ಟಣ್‌ನಲ್ಲಿ ಎಷ್ಟು ಜನರ ತೂಕ ಮೀರಿತ್ತು ಎಂದು ಯಾವತ್ತಾದರೂ ಯಾರಾದರೂ ಹೇಳಿದ್ದರೇ? “ಅದು ಡಾಕ್ಟರ್ ಸಾಹೇಬರ ಫೈಲಿನಲ್ಲಿರುತ್ತದೆ, ನಮಗೇಕೆ ಹೇಳುತ್ತಾರೆ?” ಎಂದ. ಇಲ್ಲಿ ಯಾರು ಬೇಕಾದರೂ ಸೈನ್ಯದ ಬೊಜ್ಜಿನ ಲೆಕ್ಕ ಓದಬಹುದು, ಸಚಿವರು ಅದನ್ನು ಹಿಡಿದು ಜನರಲ್‌ಗಳನ್ನೇ ಬೈಯಬಹುದು. ಅಣ್ಣ ನಗುವುದಕ್ಕೂ ಆಧಾರ ಸಿಕ್ಕಿದ್ದು ಇವರು ತಮ್ಮ ಲೆಕ್ಕವನ್ನು ಮುಚ್ಚಿಡದ ಕಾರಣದಿಂದ.

ಇಷ್ಟನ್ನು ಒಪ್ಪಿದ ಮೇಲೂ ನನ್ನ ಮನಸ್ಸು ಲಂಗರಿನ ಕಡೆಗೇ ವಾಲುತ್ತದೆ. ಫೋರ್ಟ್ ಬ್ರ್ಯಾಗ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬಿಸಿ ಊಟ ಸಿಗುವ ಒಂದು ಹಾಲ್ ತೆರೆದಿಡಲಿ, ಕೆಲಸ ಮುಗಿಸಿದ ತುಕಡಿ ಒಟ್ಟಿಗೆ ಕುಳಿತು ಉಣ್ಣಲಿ. ಬೆಳಗಾವಿಯ ರೆಜಿಮೆಂಟ್ ಕೇಂದ್ರವೂ ಡಾಕ್ಟರ್ ಸಾಹೇಬರ ಫೈಲಿನಲ್ಲಿರುವ ಮೊತ್ತವನ್ನು, ಹೆಸರು ಬಿಟ್ಟು, ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಎರಡರಲ್ಲಿ ಯಾವುದು ಮೊದಲು ಆಗುತ್ತದೆ ಎಂದು ಅಣ್ಣ ಕೇಳಿದ. ಊಟದ ಹಾಲ್‌ನ ಬಾಗಿಲೇ ಮೊದಲು ತೆರೆಯುತ್ತದೆ ಎಂದು ಹೇಳಿದೆ, ಮತ್ತು ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ನನಗೆ ನೋವಿದೆ.